ರಹೀನಿನ ರೌಂಡಬೌಟುಗಳಲ್ಲಿ ಒಂದು ಶನಿವಾರ

ಐರ್ಲೆಂಡಿನಲ್ಲಿ ಮೊದಲ ಸಲ ಕಾರು ಕಲಿಯುವವರು 12 ಪಾಠ ಕಡ್ಡಾಯವಾಗಿ ಮುಗಿಸಬೇಕು. ಹುಬ್ಬಳ್ಳಿಯಲ್ಲಿ ನಾನು ಬೈಕ್ ಬಿಟ್ಟರೆ ಬೇರೇನೂ ಓಡಿಸಿದವನಲ್ಲ. ಹಾಗಾಗಿ ಲಿಮರಿಕ್‌ಗೆ ಬಂದ ಮೇಲೆ ಅರವತ್ತರ ಹತ್ತಿರದ ಒಬ್ಬ ಮೇಷ್ಟ್ರ ಕೈಗೆ ಸಿಕ್ಕಿಬಿದ್ದೆ. ಒಂದು ಶನಿವಾರ ಅವರು ಕರೆದುಕೊಂಡು ಹೋಗಿದ್ದು ಊರಂಚಿನ ರಹೀನ್ ಬಿಸಿನೆಸ್ ಪಾರ್ಕಿಗೆ. ರಜೆ ದಿನ ಅಲ್ಲಿ ಗಾಡಿ ಕಡಿಮೆ, ರೌಂಡಬೌಟ್ ಮಾತ್ರ ಬೇಕಾದಷ್ಟು.

"ಆ ಕಟ್ಟಡ ನೋಡು. ಅಲ್ಲಿ ನಾನು ಕಂಪ್ಯೂಟರಿಗೆ ಸ್ಕ್ರೂ ಹಾಕುತ್ತಿದ್ದೆ" ಅಂದರು. ನಾನು ನೋಡಿದೆ, ಗಾಡಿ ಲೇನ್ ಬಿಟ್ಟಿತು, ಬೈಸಿಕೊಂಡೆ.

ಅದು ಡೆಲ್ ಫ್ಯಾಕ್ಟರಿ ಇದ್ದ ಜಾಗ. ತೊಂಬತ್ತರ ದಶಕದ ಶುರುವಿನಲ್ಲಿ ಲಿಮರಿಕ್‌ಗೆ ಬಂದ ಕಂಪನಿ. ಯುರೋಪಿಗೆ ಹೋಗುವ ಕಂಪ್ಯೂಟರುಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಅಲ್ಲೇ ದುಡಿಯುವ ಮನೆಗಳಿದ್ದವಂತೆ. 2009ರ ಜನವರಿಯಲ್ಲಿ ತಯಾರಿಕೆ ಪೋಲೆಂಡಿಗೆ ಹೋಗುತ್ತದೆ, 1,900 ಕೆಲಸ ಹೋಗುತ್ತವೆ ಅಂತ ಕಂಪನಿ ಹೇಳಿತು. ಡಬ್ಬ, ಕೇಬಲ್, ಲಾರಿ ಒದಗಿಸುತ್ತಿದ್ದವರೂ ಜೊತೆಗೇ ಬಿದ್ದರು. ಮರುತರಬೇತಿಗೆ ಅಂತ ಯುರೋಪಿಯನ್ ಒಕ್ಕೂಟದಿಂದ 1.48 ಕೋಟಿ ಯೂರೋ ಬಂತು. ಮೇಷ್ಟ್ರು ಕೈಗೆ ಬಂದ ಪರಿಹಾರದ ದುಡ್ಡಿನಲ್ಲಿ ಎರಡು ಸೆಟ್ ಪೆಡಲ್ ಇರುವ ಈ ಥರದ್ದೇ ಒಂದು ಕಾರು ಕೊಂಡು ಡ್ರೈವಿಂಗ್ ಕಲಿಸಲು ನಿಂತರು.

ಈಗ ಅದೇ ಕಟ್ಟಡ ರೀಜೆನೆರಾನ್ ಕೈಯಲ್ಲಿದೆ. ಅಮೆರಿಕದ ಔಷಧ ಕಂಪನಿ. 2013ರಲ್ಲಿ ಜಾಗ ಹಿಡಿದು, ಒಳಗೆಲ್ಲ ಹೊಸದಾಗಿ ಕಟ್ಟಿ, ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳಲ್ಲಿ ಜೀವಕೋಶ ಬೆಳೆಸಿ ಔಷಧ ತಯಾರಿಸುತ್ತದೆ. ಸಾವಿರಕ್ಕೂ ಜಾಸ್ತಿ ಜನ ಕೆಲಸ ಮಾಡುತ್ತಾರೆ. ಪೇಪರಿನಲ್ಲಿ ಇದನ್ನು ಲಿಮರಿಕ್ ಎದ್ದು ನಿಂತ ಕಥೆ ಅಂತ ಬರೆಯುತ್ತಾರೆ, ಸುಳ್ಳೇನಲ್ಲ. ಆದರೆ ನಿಮ್ಮ ಜೊತೆ ಲೈನಿನಲ್ಲಿ ಇದ್ದವರು ಎಷ್ಟು ಮಂದಿ ವಾಪಸ್ ಒಳಗೆ ಹೋದರು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದರು. "ನನಗೆ ಗೊತ್ತಿದ್ದವರಲ್ಲಿ ಒಬ್ಬಳು. ಮೂವತ್ತೈದರ ಮೇಲೆ ಕಾಲೇಜಿಗೆ ಸೇರಿ ಕೆಮಿಸ್ಟ್ರಿ ಓದಿದಳು. ಉಳಿದವರು ಟ್ಯಾಕ್ಸಿ, ಸೆಕ್ಯೂರಿಟಿ, ಆಸ್ಟ್ರೇಲಿಯಾ."

ಹೂಡಿಕೆಯ ಸುದ್ದಿಯಲ್ಲಿ ಹೋದ ಕೆಲಸವೂ ಬಂದ ಕೆಲಸವೂ ಒಂದೇ ಸಾಲಿನ ಲೆಕ್ಕ. ಹೋದವರು ಬೇರೆ, ಬಂದವರು ಬೇರೆ ಅನ್ನೋದು ಅದರಲ್ಲಿ ಕಾಣಲ್ಲ. ಬಂದವರಲ್ಲಿ ನನ್ನಂಥವರೂ ಇದ್ದೇವೆ. ನನ್ನ ವರ್ಕ್ ಪರ್ಮಿಟ್ ಮೇಲೆ ಕಂಪನಿಯ ಹೆಸರೇ ಇದೆ. ಹಾಗಾಗಿ "ಪೋಲೆಂಡ್" ಅಂದಾಗ ನನಗೂ ಒಳಗೊಳಗೇ ಪುಕುಪುಕು ಅಂತು.

ಕಂಪನಿಗಳನ್ನು ಕರೆತರೋದು ಇಲ್ಲಿ ಐಡಿಎ ಅನ್ನುವ ಸರ್ಕಾರಿ ಸಂಸ್ಥೆಯ ಕೆಲಸ. 1949ರಿಂದ ಇದೆ. ಎಲ್ಲರೂ ಕಡಿಮೆ ತೆರಿಗೆಯ ಬಗ್ಗೆಯೇ ಮಾತಾಡುತ್ತಾರೆ. ಬಹಳ ವರ್ಷ 12.5 ಶೇಕಡಾ ಇತ್ತು, ಈಗ ದೊಡ್ಡ ಕಂಪನಿಗಳಿಗೆ 15. ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಟ್ರಲೀ, ಸ್ಲೈಗೋ, ಕ್ಯಾಸಲ್‌ಬಾರ್ ಥರದ ಸಣ್ಣ ಊರುಗಳಲ್ಲಿ ಯಾರೂ ಒಪ್ಪಿಕೊಳ್ಳುವ ಮೊದಲೇ ಕಟ್ಟಡ ಕಟ್ಟಿಸಿ ಇಡುತ್ತಾರೆ, ಯಾಕಂದರೆ ಬಂದ ಕಂಪನಿ ಎರಡು ವರ್ಷ ಕಾಯಲ್ಲ, ಡಬ್ಲಿನ್‌ಗೇ ಹೋಗಿಬಿಡುತ್ತದೆ. ಕೆಲವು ಕಟ್ಟಡಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದೂ ಉಂಟು. 2021ರಿಂದ 24ರ ಯೋಜನೆಯಲ್ಲಿ 800 ಹೂಡಿಕೆಗಳ ಗುರಿ ಇಟ್ಟು, ಅರ್ಧ ಡಬ್ಲಿನ್ ಆಚೆಗೇ ಬರಬೇಕು ಅಂತ ಬರೆದುಕೊಂಡಿದ್ದರು. ಬೆಂಗಳೂರಿನ ಆಚೆಗೂ ಕಂಪನಿಗಳು ಬರಲಿ ಅಂತ 2020ರಲ್ಲಿ ನಮ್ಮ ಹುಬ್ಬಳ್ಳಿಯಲ್ಲೂ ಹೂಡಿಕೆದಾರರ ಸಮಾವೇಶ ಆಗಿತ್ತಲ್ವಾ, ನಾನಾಗಲೇ ಬೆಂಗಳೂರಿನ ಪೀಜಿಯಲ್ಲಿದ್ದೆ.

ಲಿಮರಿಕ್‌ಗೆ ಇನ್ನೊಂದು ಬಲ ಅದರ ವಿಶ್ವವಿದ್ಯಾಲಯ. 1972ರಲ್ಲಿ ಶುರುವಾಗಿದ್ದು. ಓದಿನ ನಡುವೆಯೇ ಹುಡುಗರನ್ನು ತಿಂಗಳುಗಟ್ಟಲೆ ಕಂಪನಿಗಳಿಗೆ ಕಳಿಸುತ್ತಾರೆ. ಡೆಲ್ ತಯಾರಿಕೆ ಹೋದ ಮೇಲೂ ಬೇರೆಯವರು ಬರಲು ಖಾಲಿ ಕಟ್ಟಡಕ್ಕಿಂತ ಈ ಹುಡುಗರೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಮೇಷ್ಟ್ರು ಒಪ್ಪಲಿಲ್ಲ, "ಎಲ್ಲ ತೆರಿಗೆ ಮಹಿಮೆ" ಅಂದರು.

ವಾಪಸ್ ಬರುವಾಗ ಎಲೈ ಲಿಲ್ಲಿ ಅನ್ನುವ ಇನ್ನೊಂದು ಔಷಧ ಕಂಪನಿಯ ಜಾಗದ ಕಡೆ ಕೈ ತೋರಿಸಿದರು. 2022ರಲ್ಲಿ 40 ಕೋಟಿ ಯೂರೋ ಹಾಕುತ್ತೇವೆ ಅಂತ ಹೇಳಿದ ಕಂಪನಿ, ಆಮೇಲೆ ಮೊತ್ತ ಇನ್ನೂ ಏರಿಸಿತು. "ಇಷ್ಟು ಜನ ಮಲಗೋದು ಎಲ್ಲಿ?" ಅಂದರು. ತಮಾಷೆಯಲ್ಲ. ನನ್ನ ಜೊತೆ ಕೆಲಸ ಮಾಡುವ ಧಾರವಾಡದ ಹುಡುಗಿಗೆ ಊರಲ್ಲಿ ಬಾಡಿಗೆ ಮನೆ ಸಿಗದೆ ನಲವತ್ತು ಕಿಲೋಮೀಟರ್ ದೂರದ ನೀನಾದಿಂದ ದಿನಾ ಓಡಾಡುತ್ತಾಳೆ. ಮೇಷ್ಟ್ರ ಮಗನಿಗೂ ಇಲ್ಲೇ ಒಳ್ಳೆ ಕೆಲಸ, ಸಂಬಳ ಅಪ್ಪನಿಗಿಂತ ಜಾಸ್ತಿ. ವಯಸ್ಸು ಮೂವತ್ತು ದಾಟಿದೆ. "ಇನ್ನೂ ಅವನ ಬಟ್ಟೆ ನಮ್ಮ ಮನೆ ವಾಷಿಂಗ್ ಮೆಷಿನ್ನಿಗೇ ಬರುತ್ತದೆ" ಅಂತ ನಗುತ್ತಾ, ನನ್ನ ಕೈಲಿ ಇಂಡಿಕೇಟರ್ ಹಾಕಿಸಿದರು.