‘ಜಾ ಬ್ರೇಕ್’ ಎಂದು ಬಿಸಾಡಿದ ದಾರಗಳು

ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಯುಟಿಎಂ ಇದೆ. ಅಂದರೆ ಎಳೆದು ನೋಡುವ ಮೆಷಿನ್. ಮೇಲೊಂದು ಹಿಡಿ, ಕೆಳಗೊಂದು ಹಿಡಿ. ನಡುವೆ ವಸ್ತುವನ್ನು ಸಿಕ್ಕಿಸಿ ಬಟನ್ ಒತ್ತಿದರೆ ಮೇಲಿನ ಹಿಡಿ ನಿಧಾನವಾಗಿ ಮೇಲೇರುತ್ತದೆ. ಎಷ್ಟು ಬಲಕ್ಕೆ ಕಿತ್ತುಹೋಯಿತು ಎಂದು ಸ್ಕ್ರೀನಿನ ಮೇಲೆ ಗೆರೆ ಮೂಡುತ್ತದೆ. ಆ ಹಿಡಿಗೆ ನಾವು ‘ಜಾ’ ಎನ್ನುತ್ತೇವೆ. ದವಡೆ ಅಂತಲೇ ಅರ್ಥ.

ನಾನು ಬೆಂಗಳೂರಿನಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಈ ಮೆಷಿನ್ ಮುಂದೆ ಕೂತು ಸಾವಿರಾರು ಕಾಪರ್ ಟಿಗಳನ್ನು ಎಳೆದಿದ್ದೇನೆ. ಬಸಿರಾಗದಿರಲಿ ಎಂದು ಗರ್ಭಕೋಶದೊಳಗೆ ಇಡುವ, ಇಂಗ್ಲಿಷಿನ T ಆಕಾರದ ಸಾಧನ ಅದು. ನಮ್ಮೂರ ಕಡೆ ಹೆಂಗಸರು ಅದಕ್ಕೆ ವಂಕಿ ಎನ್ನುತ್ತಾರೆ. ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದ ಪುಟ್ಟ ವಸ್ತು. ಕಾಪರ್ ಟಿ 380ಎ ತೆಗೆದುಕೊಂಡರೆ ಅಗಲ 32 ಮಿಲಿಮೀಟರ್, ಉದ್ದ 36 ಮಿಲಿಮೀಟರ್. ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಮೈ. ಎಕ್ಸ್‌ರೇಯಲ್ಲಿ ಕಾಣಲಿ ಎಂದು ಅದಕ್ಕೆ ಬೇರಿಯಂ ಸಲ್ಫೇಟ್ ಬೆರೆಸಿರುತ್ತಾರೆ. ಕಾಂಡಕ್ಕೆ ತಾಮ್ರದ ತಂತಿ, ಎರಡೂ ಕೈಗಳಿಗೆ ತಾಮ್ರದ ಕೊಳವೆ. ಎಲ್ಲ ತಾಮ್ರದ ಮೇಲ್ಮೈ ಸೇರಿ 380 ಚದರ ಮಿಲಿಮೀಟರ್, ಹೆಸರಿನಲ್ಲಿರುವ ಅಂಕಿ ಅದೇ. ಕಾಂಡದ ತುದಿಯಲ್ಲಿ 3 ಮಿಲಿಮೀಟರಿನ ಒಂದು ಗುಂಡು. ಆ ಗುಂಡಿಗೆ ಕಟ್ಟಿದ ದಾರದ ಎರಡು ಎಳೆ ಕೆಳಗೆ ಇಳಿಬಿದ್ದಿರುತ್ತವೆ.

ದಾರಕ್ಕೆ ಇರುವುದು ಎರಡೇ ಕೆಲಸ. ವಂಕಿ ಜಾಗದಲ್ಲಿದೆ ಎಂದು ತೋರಿಸುವುದು, ಬೇಡವಾದ ದಿನ ಅದನ್ನು ಹೊರಗೆ ತರುವುದು. ಐಎಸ್‌ಒ 7439 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎಳೆದಾಗ ಇದು ಕನಿಷ್ಠ 9.5 ನ್ಯೂಟನ್ ತಡೆಯಬೇಕು. ದಾರಕ್ಕೆ ಹತ್ತಿರಹತ್ತಿರ ಒಂದು ಕೇಜಿ ಸಕ್ಕರೆ ಪ್ಯಾಕೆಟ್ ನೇತುಹಾಕಿದಷ್ಟು. ನಮ್ಮ ಸ್ಯಾಂಪಲ್‌ಗಳು ಇದನ್ನು ಆರಾಮಾಗಿ ದಾಟುತ್ತಿದ್ದವು.

ಒಂದೊಂದು ಸಲ ದಾರ ಗಂಟಿನ ಹತ್ತಿರವೋ ನಡುವೆಯೋ ಕೀಳುವ ಬದಲು ಮೆಷಿನ್ನಿನ ದವಡೆ ಕಚ್ಚಿಕೊಂಡ ಜಾಗದಲ್ಲೇ ಕೀಳುತ್ತದೆ, ಅದೂ ಕಡಿಮೆ ಬಲಕ್ಕೆ. ಇದಕ್ಕೆ ‘ಜಾ ಬ್ರೇಕ್’ ಎಂದು ಹೆಸರು. ಎಳೆದು ನೋಡುವ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇಂಥ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಿತ್ತದ್ದು ದಾರದ ದೋಷದಿಂದಲ್ಲ, ಹಿಡಿ ನಜ್ಜಿಸಿದ್ದರಿಂದ ಎಂಬುದು ತರ್ಕ. ತಪ್ಪು ತರ್ಕವೇನಲ್ಲ. ರಿಜಿಸ್ಟರಿನಲ್ಲಿ ‘ಇನ್‌ವ್ಯಾಲಿಡ್’ ಎಂದು ಬರೆದು, ಸ್ಯಾಂಪಲ್ ಬುಟ್ಟಿಗೆ ಹಾಕಿ, ಇನ್ನೊಂದನ್ನು ಸಿಕ್ಕಿಸುತ್ತೇವೆ. ಜಾ ಬ್ರೇಕ್ ಜಾಸ್ತಿಯಾದಾಗ ನಾನೇ ದವಡೆಗೆ ರಬ್ಬರ್ ಪಟ್ಟಿ ಅಂಟಿಸಿದೆ. ಆಮೇಲೆ ಅಂಕಿಗಳು ಚೆಂದವಾಗಿ ಬಂದವು.

ಅದಾಗಿ ಒಂದು ವರ್ಷಕ್ಕೆ ಒಂದು ದೂರು ಬಂತು. ವಂಕಿ ತೆಗೆಯುವಾಗ ದಾರ ಕಿತ್ತುಬಂದಿತ್ತು, ವಂಕಿ ಒಳಗೇ ಉಳಿದಿತ್ತು. ಆ ಹೆಂಗಸು ಜಿಲ್ಲಾ ಕೇಂದ್ರಕ್ಕೆ ಹೋಗಿ, ಸ್ಕ್ಯಾನಿಂಗ್ ಮಾಡಿಸಿ, ಮಾರನೇ ದಿನ ತೆಗೆಸಿಕೊಂಡಿದ್ದರು. ದೂರಿನ ಫಾರಂನಲ್ಲಿ ‘ಇತರೆ ವಿವರ’ ಎಂಬ ಕಡೆ ಯಾರೋ ಪೆನ್ನಿನಲ್ಲಿ ಬರೆದಿದ್ದರು: ‘ಎರಡು ದಿನದ ಕೂಲಿ ಹೋಯಿತು.’ ಇಂಥ ಫಾರಂಗಳನ್ನು ಎಷ್ಟೋ ಓದಿದ್ದೇನೆ. ಈ ಒಂದು ಸಾಲು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಫಾರಂ ಜೊತೆ ಒಂದು ಪಾಕೀಟಿನಲ್ಲಿ ಕಿತ್ತ ದಾರದ ತುಂಡೂ ಬಂದಿತ್ತು. ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದೆ. ತುದಿಯ ಹತ್ತಿರ ದಾರ ಚಪ್ಪಟೆಯಾಗಿತ್ತು. ಅದರ ಮೇಲೆ ಸಾಲಾಗಿ ಅಡ್ಡ ಗೀರುಗಳು, ಹಲ್ಲಿನ ಗುರುತಿನಂತೆ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನಾನು ಬುಟ್ಟಿಗೆ ಹಾಕುತ್ತಿದ್ದ ದಾರಗಳೂ ಹೀಗೇ ಇರುತ್ತಿದ್ದವು.

ಅನುಮತಿಗಳನ್ನೆಲ್ಲ ಪಡೆದು ತುಮಕೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಹೋದೆ. ಅಷ್ಟು ವರ್ಷ ಕಾಪರ್ ಟಿ ಕೆಲಸದಲ್ಲಿದ್ದರೂ ಅದನ್ನು ತೆಗೆಯುವುದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ನಮ್ಮ ತಂಡದಲ್ಲಿ ಬೇರೆ ಯಾರೂ ನೋಡಿರಲಿಲ್ಲ. ಹಾಕುವುದನ್ನು ಮಾತ್ರ ಎಲ್ಲರೂ ನೋಡಿದ್ದರು, ಟ್ರೇನಿಂಗ್ ವಿಡಿಯೋದಲ್ಲಿ.

ಅಲ್ಲಿದ್ದ ಸ್ಟಾಫ್ ನರ್ಸ್‌ಗೆ ನಿವೃತ್ತಿಗೆ ಇನ್ನು ಸ್ವಲ್ಪ ಕಾಲವಿತ್ತು. ಮಲಗಿದ್ದ ಹೆಂಗಸು ನಾನು ಅಲ್ಲಿರಲು ಒಪ್ಪಿದ್ದರು. ನಾನು ಪರದೆಯ ಪಕ್ಕ ನಿಂತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಸಿಸ್ಟರ್ ಕೈ ಮತ್ತು ಮಲಗಿದ್ದವರ ಪಾದ. ಒಳಗೆ ಕಾಣುವಂತೆ ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಇಡುವಾಗ ಕಾಲುಂಗುರದ ಬೆರಳುಗಳು ಗಟ್ಟಿಯಾಗಿ ಮುದುರಿಕೊಂಡವು. ಸಿಸ್ಟರ್ ಅದನ್ನು ಗಮನಿಸಿ ಕೈ ನಿಲ್ಲಿಸಿದರು. ‘ಯಾವೂರಮ್ಮಾ ನಿಂದು?’ ಎಂದು ಮಾತಿಗೆಳೆದರು. ಬೆರಳು ಸಡಿಲವಾಗುವವರೆಗೂ ಕಾದರು. ಆಮೇಲೆ ಆರ್ಟರಿ ಫೋರ್ಸೆಪ್ಸ್ ತೆಗೆದುಕೊಂಡು ಎರಡೂ ಎಳೆಗಳನ್ನು ಒಟ್ಟಿಗೆ ಹಿಡಿದರು. ‘ಟಿಕ್’ ಎಂದು ಒಂದೇ ಸದ್ದು. ‘ಒಂದ್ಸಲ ಕೆಮ್ಮಮ್ಮಾ’ ಎಂದರು. ಕೆಮ್ಮಿನ ಜೊತೆಗೇ ಕೈ ನಿಧಾನವಾಗಿ, ಒಂದೇ ಸಮನೆ ಹಿಂದಕ್ಕೆ ಬಂತು. ವಂಕಿ ಹೊರಗಿತ್ತು.

ಆಚೆ ಬಂದು ಚಹಾ ಕುಡಿಯುವಾಗ ಎಷ್ಟು ಬಲ ಹಾಕುತ್ತೀರಿ ಎಂದು ಕೇಳಿದೆ. ‘ನಾನು ಎಳೆಯೋದಿಲ್ಲ ಮೇಡಂ, ಕರೀತೀನಿ ಅಷ್ಟೆ’ ಎಂದರು. ‘ಬಿಗಿ ಅನ್ನಿಸಿದ್ರೆ ನಿಲ್ಲಿಸ್ಬೇಕು. ಎಳೆದು ಗೆಲ್ಲೋಕೆ ಇದೇನು ಹಗ್ಗಜಗ್ಗಾಟನಾ?’

ಆ ಟಿಕ್ ಬಗ್ಗೆಯೂ ಕೇಳಿದೆ. ಆರ್ಟರಿ ಫೋರ್ಸೆಪ್ಸ್‌ನ ಹಿಡಿಯಲ್ಲಿ ಲಾಕ್ ಆಗುವ ಹಲ್ಲುಗಳಿರುತ್ತವೆ. ಒತ್ತಿದಷ್ಟೂ ಟಿಕ್ ಟಿಕ್ ಎಂದು ಒಂದೊಂದು ಹಂತ ಬಿಗಿಯಾಗುತ್ತದೆ. ಅದು ಇರುವುದೇ ರಕ್ತನಾಳವನ್ನು ಒತ್ತಿ ಹಿಡಿಯಲು. ಜಾರದಿರಲಿ ಎಂದು ಒಳಭಾಗದಲ್ಲಿ ಗೀರುಗಳಿರುತ್ತವೆ. ಸಿಸ್ಟರ್ ಒಂದೇ ಟಿಕ್‌ಗೆ ನಿಲ್ಲಿಸುತ್ತಾರೆ. ‘ಹೊಸಬರು ಜಾರುತ್ತೆ ಅಂತ ಪೂರ್ತಿ ಬಿಗಿ ಮಾಡ್ತಾರೆ. ಆಗ ದಾರ ನಜ್ಜುತ್ತೆ’ ಎಂದರು. ನಮ್ಮ ಯಾವ ಡ್ರಾಯಿಂಗಿನಲ್ಲೂ, ಯಾವ ಕೈಪಿಡಿಯಲ್ಲೂ ಈ ಮಾತಿರಲಿಲ್ಲ. ಒಂದೇ ಎಳೆಯ ನೈಲಾನ್ ಥರದ ಹೊಲಿಗೆ ದಾರವನ್ನು ಉಪಕರಣದಲ್ಲಿ ಕಚ್ಚಿ ಹಿಡಿಯಬಾರದು, ನಜ್ಜಿದ ಜಾಗ ದುರ್ಬಲವಾಗುತ್ತದೆ ಎಂದು ಸರ್ಜನ್‌ಗಳಿಗೆ ಕಲಿಯುವಾಗಲೇ ಹೇಳಿಕೊಡುತ್ತಾರೆ. ವಂಕಿಯ ದಾರದ ವಿಷಯದಲ್ಲಿ ಕಚ್ಚಿ ಹಿಡಿಯದೆ ಬೇರೆ ದಾರಿಯೇ ಇಲ್ಲ.

ಅಂದರೆ ನಾನು ‘ಇನ್‌ವ್ಯಾಲಿಡ್’ ಎಂದು ಬರೆಯುತ್ತಿದ್ದದ್ದೇ ಆಸ್ಪತ್ರೆಯಲ್ಲಿ ನಿಜವಾಗಿ ನಡೆಯುತ್ತಿದ್ದ ಪರೀಕ್ಷೆ. ರಬ್ಬರ್ ಪಟ್ಟಿ ಅಂಟಿಸಿ ನಾನು ಅಳೆಯುತ್ತಿದ್ದ ಹಿಡಿತ ಯಾವ ಆಸ್ಪತ್ರೆಯಲ್ಲೂ ಇಲ್ಲ.

ವಾಪಸ್ ಬಂದ ಮೇಲೆ ಹಳೆಯ ಆರ್ಟರಿ ಫೋರ್ಸೆಪ್ಸ್‌ಗಳನ್ನು ಯುಟಿಎಂಗೆ ಸಿಕ್ಕಿಸಲು ಒಂದು ಫಿಕ್ಸ್ಚರ್ ಮಾಡಿಸಿದೆವು. 37 ಡಿಗ್ರಿ ಉಪ್ಪುನೀರಿನಲ್ಲಿ ನೆನೆಸಿಟ್ಟ ದಾರ, ಒಂದು ಟಿಕ್, ಎರಡು ಟಿಕ್, ಮೂರು ಟಿಕ್. ನೇರವಾಗಿ ಎಳೆದು ನೋಡಿದೆವು, ಓರೆಯಾಗಿ ಎಳೆದು ನೋಡಿದೆವು. ಬಿಗಿ ಹೆಚ್ಚಿದಂತೆ ದಾರ ಬೇಗ ಕಿತ್ತಿತು. ಜರ್ಕ್ ಕೊಟ್ಟು ಎಳೆದಾಗ ಇನ್ನೂ ಬೇಗ. ಸಿಸ್ಟರ್ ಕೈಗೆ ವರ್ಷಗಳಿಂದ ಗೊತ್ತಿದ್ದದ್ದು ನಮ್ಮ ಸ್ಕ್ರೀನಿನ ಮೇಲೆ ಆವತ್ತು ಕಾಣಿಸಿತು.

ಮೀಟಿಂಗಿನಲ್ಲಿ ಮೊದಲು ಬಂದ ಸಲಹೆ, ದಾರವನ್ನು ದಪ್ಪ ಮಾಡೋಣ ಎಂಬುದು. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ದಪ್ಪ ದಾರ ಸೆಟೆದು ನಿಲ್ಲುತ್ತದೆ, ಗಂಡನಿಗೆ ಚುಚ್ಚುತ್ತದೆ. ಆಗ ದಾರವನ್ನು ಗಿಡ್ಡ ಕತ್ತರಿಸುತ್ತಾರೆ, ಮುಂದೆ ತೆಗೆಯಲು ಕೈಗೆ ಸಿಗುವುದಿಲ್ಲ. ಹಲವು ಎಳೆ ಸೇರಿಸಿ ಹೊಸೆದರೆ ದಾರ ಗಟ್ಟಿಯೂ ಆಗುತ್ತದೆ, ಮೆತ್ತಗೂ ಇರುತ್ತದೆ ನಿಜ. ಅದರ ಕಥೆ ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತಿರಬೇಕು. 1971ರಲ್ಲಿ ಅಮೆರಿಕದ ಮಾರುಕಟ್ಟೆಗೆ ಡಾಲ್ಕನ್ ಶೀಲ್ಡ್ ಎಂಬ ವಂಕಿ ಬಂತು. ಜಾರಿ ಬೀಳದಿರಲಿ ಎಂದು ಅದರ ಎರಡೂ ಬದಿಗೆ ರೆಕ್ಕೆಯಂಥ ಮುಳ್ಳುಗಳಿದ್ದವು. ಬೀಳದಂತೆ ತಡೆಯುವ ಮುಳ್ಳು ತೆಗೆಯುವಾಗಲೂ ತಡೆಯುತ್ತದಲ್ವಾ? ಎಳೆಯಲು ಜಾಸ್ತಿ ಬಲ ಬೇಕು, ಅದಕ್ಕೆ ತಕ್ಕ ಗಟ್ಟಿ ದಾರ ಬೇಕು. ನೈಲಾನ್ ಕವಚದೊಳಗೆ ನೂರಾರು ಸಣ್ಣ ಎಳೆಗಳನ್ನು ತುಂಬಿದ ದಾರ ಹಾಕಿದರು. ಆ ಎಳೆಗಳ ಸಂದಿಯಲ್ಲಿ ದೀಪದ ಬತ್ತಿ ಎಣ್ಣೆ ಹೀರಿದಂತೆ ತೇವ ಮೇಲೇರಿತು, ಅದರ ಜೊತೆಗೆ ಸೋಂಕು ಗರ್ಭಕೋಶಕ್ಕೆ ಹತ್ತಿತು. ಹೆಂಗಸರು ಸತ್ತರು, ಎಷ್ಟೋ ಜನಕ್ಕೆ ಮಕ್ಕಳಾಗುವ ಭಾಗ್ಯವೇ ಹೋಯಿತು. 1974ರಲ್ಲಿ ಮಾರಾಟ ನಿಂತಿತು. 1985ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಈ ಕಥೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಚೀನಾದ ಉಕ್ಕಿನ ಉಂಗುರ. ಅದಕ್ಕೆ ದಾರವೇ ಇರಲಿಲ್ಲ. ಕೋಟ್ಯಂತರ ಹೆಂಗಸರಿಗೆ ಹಾಕಿದರು. ತೆಗೆಯಬೇಕಾದರೆ ಒಳಗೆ ಕೊಕ್ಕೆ ಹಾಕಿಯೇ ತೆಗೆಯಬೇಕು. ದಾರ ಇಲ್ಲದ ವಂಕಿ ಎಂದರೆ ತೆಗೆಸುವ ಮಾತು ಹೆಂಗಸಿನ ಕೈಯಲ್ಲಿ ಇಲ್ಲ ಎಂದೇ ಅರ್ಥ. ಹಾಗಾಗಿ ದಾರವನ್ನು ಸಣ್ಣ ಭಾಗ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ದಾರವನ್ನು ಹಾಗೇ ಬಿಟ್ಟು, ಎಳೆಯಲು ಬೇಕಾದ ಬಲವನ್ನೇ ಕಡಿಮೆ ಮಾಡಲು ಏನು ಮಾಡಬಹುದು ಎಂದು ನೋಡಿದೆವು. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹಾಕುವಾಗ ಕಾಪರ್ ಟಿಯ ಕೈಗಳನ್ನು ಕೆಳಕ್ಕೆ ಮಡಚಿ ಕೊಳವೆಯೊಳಗೆ ಸೇರಿಸುತ್ತಾರೆ. ತೆಗೆಯುವಾಗ ಅವು ಮೇಲಕ್ಕೆ ಮಡಚಿಕೊಳ್ಳುತ್ತವೆ, ಗಾಳಿಗೆ ಮಗುಚಿದ ಕೊಡೆಯ ಹಾಗೆ. ಒಂದೇ ಕೀಲು, ಎರಡು ದಿಕ್ಕು. ನಾವು ಕೈ ಮಡಚಿ ಬಿಟ್ಟು ಅದು ಎಷ್ಟು ಬೇಗ ನೆಟ್ಟಗಾಗುತ್ತದೆ ಎಂದು ನೋಡುತ್ತಿದ್ದದ್ದು ಹಾಕುವ ದಿಕ್ಕಿನಲ್ಲಿ ಮಾತ್ರ. ಮೇಲಕ್ಕೆ ಮಡಚಿ ನೋಡಿಯೇ ಇರಲಿಲ್ಲ. ವರ್ಷಗಟ್ಟಲೆ ಒಳಗಿದ್ದ ಪ್ಲಾಸ್ಟಿಕ್ ಆ ದಿಕ್ಕಿಗೆ ಮೊದಲ ಸಲ ಪೂರ್ತಿ ಬಾಗುವುದು ತೆಗೆಯುವ ದಿನ. ಜೋರಾಗಿ ಎಳೆದರೆ ಕೈ ಮುರಿದು ಒಳಗೇ ಉಳಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟೋ ಇವೆ. ಲೆನ್ಸ್ ಹಿಡಿದು ನಮ್ಮ ಸ್ಯಾಂಪಲ್ ನೋಡಿದರೆ ಅಚ್ಚಿನ ಎರಡು ಭಾಗ ಸೇರುವ ಗೆರೆ ಆ ಕೀಲಿನ ಮೇಲೆಯೇ ಹಾದುಹೋಗಿತ್ತು. ಬೆರಳಿಗೆ ಗೊತ್ತಾಗದಷ್ಟು ಸಣ್ಣ ಏಣು. ಗರ್ಭಕೋಶದ ಬಾಯಿಯ ಮೆತ್ತನೆ ಚರ್ಮಕ್ಕೆ ಅದು ಗೊತ್ತಾಗುವುದಿಲ್ಲ ಎಂದು ನಾನು ಹೇಗೆ ಹೇಳಲಿ? ಅಚ್ಚನ್ನು ಪಾಲಿಶ್ ಮಾಡಿಸಿದೆವು, ಕೀಲಿನ ಒಳಮೂಲೆಯನ್ನು ಇನ್ನಷ್ಟು ದುಂಡಗೆ ಮಾಡಿದೆವು. ಇಷ್ಟಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ದೇಹದೊಳಗೆ ಹೋಗುವ ವಸ್ತುವಿನಲ್ಲಿ ಒಂದು ಮೂಲೆ ಬದಲಾದರೂ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕು.

ಚೌಕಟ್ಟಿನ ವಸ್ತುವನ್ನೇ ಬದಲಿಸಿದವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮಿಯುಡೆಲ್ಲಾ ಎಂಬ ವಂಕಿಯಲ್ಲಿ ಪ್ಲಾಸ್ಟಿಕ್ ಬದಲು ನಿಟಿನಾಲ್ ಎಂಬ ಲೋಹದ ತಂತಿಯ ಬಾಗುವ ಚೌಕಟ್ಟಿದೆ. ವಂಕಿ ಹಾಕುವಾಗ ಗರ್ಭಕೋಶದ ಬಾಯಿಯನ್ನು ಚೂಪು ಕೊಕ್ಕೆಯಲ್ಲಿ ಕಚ್ಚಿ ಹಿಡಿಯುವ ಬದಲು ಗಾಳಿ ಎಳೆದು ಮೃದುವಾಗಿ ಹಿಡಿಯುವ ಉಪಕರಣವೊಂದು ಸ್ವಿಟ್ಜರ್ಲೆಂಡಿನಿಂದ ಬಂದಿದೆ. ಇಂಥವು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬರಬೇಕು ಎಂಬುದು ನನ್ನ ಆಸೆ.

ನಮ್ಮಲ್ಲಿ ಆದ ಇನ್ನೊಂದು ಬದಲಾವಣೆಗೆ ಖರ್ಚು ತುಂಬಾ ಕಡಿಮೆ. ಪ್ಯಾಕೆಟ್ಟಿನೊಳಗೆ ಇಡುವ ಕಾಗದದಲ್ಲಿ ಹಾಕುವುದಕ್ಕೆ 12 ಚಿತ್ರಗಳಿದ್ದವು, ತೆಗೆಯುವುದಕ್ಕೆ 2 ಸಾಲು. ಈಗ ತೆಗೆಯುವುದಕ್ಕೂ ಚಿತ್ರ ಬರೆಸಿದ್ದೇವೆ. ಎರಡೂ ಎಳೆ ಒಟ್ಟಿಗೆ ಹಿಡಿಯಿರಿ. ಒಂದೇ ಟಿಕ್. ಜರ್ಕ್ ಬೇಡ. ಬಿಗಿ ಅನ್ನಿಸಿದರೆ ನಿಲ್ಲಿಸಿ. ಮಾತುಗಳು ಸಿಸ್ಟರ್‌ದು, ನಾನು ಬರೆದುಕೊಂಡೆ ಅಷ್ಟೆ. ರಿಜಿಸ್ಟರಿನಲ್ಲಿ ‘ಜಾ ಬ್ರೇಕ್’ಗೆ ಈಗ ಬೇರೆ ಕಾಲಂ ಇದೆ. ಅದರ ಅಂಕಿಯೂ ರಿಪೋರ್ಟಿಗೆ ಹೋಗುತ್ತದೆ.

ಸಿಸ್ಟರ್ ಹೇಳಿದ ಎಲ್ಲವನ್ನೂ ಮಾಡಲು ಆಗಿಲ್ಲ. ‘ಬಿಳಿ ದಾರ, ಬಿಳಿ ಲೋಳೆ. ಟಾರ್ಚ್ ಬಿಟ್ಟು ಹುಡುಕ್ಬೇಕು’ ಎಂದು ಅವರು ಅವತ್ತೇ ದೂರಿದ್ದರು. ಬಣ್ಣ ಸೇರಿಸುವುದೆಂದರೆ ಆ ಬಣ್ಣ ವರ್ಷಗಟ್ಟಲೆ ದೇಹದೊಳಗೆ ಇಳಿಯದೆ ಇರುತ್ತದೆ ಎಂದು ತೋರಿಸಬೇಕು. ಆ ಕೆಲಸ ನಡೆಯುತ್ತಿದೆ.

ಹೆರಿಗೆಯಾದ ಕೂಡಲೇ ಹಾಕುವ ವಂಕಿಯದು ಇನ್ನೂ ಕಷ್ಟ. ಆಗ ಗರ್ಭಕೋಶ ದೊಡ್ಡದಾಗಿರುತ್ತದೆ, ವಂಕಿಯನ್ನು ಅದರ ತಲೆಯವರೆಗೆ ಮುಟ್ಟಿಸಿ ಇಡುತ್ತಾರೆ. ಮುಂದಿನ ಆರು ವಾರದಲ್ಲಿ ಗರ್ಭಕೋಶ ಕುಗ್ಗುತ್ತದೆ. ದಾರ ತಾನಾಗಿ ಕೆಳಗಿಳಿಯಬೇಕು. ಎಷ್ಟೋ ಸಲ ಅದು ಒಳಗೇ ಸುರುಳಿ ಸುತ್ತಿಕೊಳ್ಳುತ್ತದೆ. ಆಗ ಪ್ಯಾಪ್ ಟೆಸ್ಟಿನ ಸಣ್ಣ ಬ್ರಷ್ ಹಾಕಿ ತಿರುಗಿಸಿ ದಾರವನ್ನು ಕೆಳಗೆ ತರಲು ನೋಡುತ್ತಾರೆ. ಸಿಗದಿದ್ದರೆ ಸ್ಕ್ಯಾನಿಂಗ್, ಒಳಗೆ ಹಾಕಿ ಹಿಡಿಯುವ ಸಣ್ಣ ಬಾಯಿಯ ಅಲಿಗೇಟರ್ ಫೋರ್ಸೆಪ್ಸ್, ಮತ್ತೆ ಜಿಲ್ಲಾ ಕೇಂದ್ರದ ಬಸ್ಸು. ನನ್ನ ಟೇಬಲ್ ಮೇಲೆ ಈಗ ಒಂದು ಸಿಲಿಕೋನ್ ಗರ್ಭಕೋಶದ ಮಾದರಿ ಇದೆ. ಅದನ್ನು ದಿನಾ ಸ್ವಲ್ಪಸ್ವಲ್ಪ ಕುಗ್ಗಿಸಿ ಒಳಗಿನ ದಾರ ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತಿದ್ದೇನೆ. ನಿನ್ನೆಯ ದಾರ ಅರ್ಧ ಇಳಿದು ನಿಂತಿತು. ಇವತ್ತು ಇನ್ನೊಂದು ಹಾಕಿದ್ದೇನೆ.