ಡಿವೈಜಿಸ್ ಸಂತೆಯ ಕಲ್ಲು

15 ಜೂನ್ 2023, ಗುರುವಾರ

ಇಂಗ್ಲೆಂಡಿನ ಡಿವೈಜಿಸ್ ಊರಿನ ಸಂತೆಬಯಲಿನ ಕಲ್ಲನ್ನು ನೋಡಿ ಅಪ್ಪನಿಗೆ ಬಂದ ಸಿಟ್ಟು ರಾತ್ರಿಯ ಊಟ ಮುಗಿದರೂ ಇಳಿದಿಲ್ಲ. ರಾಣೆಬೆನ್ನೂರಿನ ದಲಾಲಿ ಅಂಗಡಿಯಲ್ಲಿ ಆಯುಷ್ಯವೆಲ್ಲ ಕಿರ್ದಿ ಬರೆದವರಿಗೆ, ಲೆಕ್ಕವನ್ನು ಪೂರ್ತಿ ಹೇಳದೆ ಬರಿಯ ಶಿಕ್ಷೆಯನ್ನಷ್ಟೇ ಕೆತ್ತಿಸಿಟ್ಟ ಶಾಸನ ಸಹನೆಯಾಗುವುದಾದರೂ ಹೇಗೆ?

ಸ್ವಿಂಡನ್‌ನಿಂದ ಬಸ್ಸಿನಲ್ಲಿ ಹೋದೆವು. ಡಿವೈಜಿಸ್‌ಗೆ ರೈಲಿಲ್ಲ, 1966ರಲ್ಲೇ ನಿಂತುಹೋಗಿದೆ. ಬಸ್ಸು ಏವ್‌ಬರಿಯ ಶಿಲಾವೃತ್ತದ ನಡುವೆಯೇ ಹಾಯುವುದರಿಂದ ಅಪ್ಪ ಬೆರಗಾಗಬಹುದೆಂದು ನಾನು ಕಾದಿದ್ದೆ. ಅವರು ಕಲ್ಲುಗಳ ಸುತ್ತ ಮೇಯುತ್ತಿದ್ದ ಕುರಿಗಳನ್ನು ನೋಡಿ, ಹುಲ್ಲು ಇಷ್ಟು ಬೇಗ ಒಣಗಿದೆಯಲ್ಲ ಎಂದರು. ಈ ಜೂನ್ ತಿಂಗಳ ಬಿಸಿಲು ಇಲ್ಲಿಯವರಿಗೇ ಹೊಸದು.

ಲಾಂಗ್ ಸ್ಟ್ರೀಟಿನಲ್ಲಿರುವ ವಿಲ್ಟ್‌ಶೈರ್ ಮ್ಯೂಸಿಯಂ ಹೊರಗಿನಿಂದ ಯಾರೋ ವಕೀಲರ ಮನೆಯಂತೆ ಕಾಣುತ್ತದೆ, ಆದರೆ ಸ್ಟೋನ್‌ಹೆಂಜ್ ಸುತ್ತಲಿನ ದಿಬ್ಬಗಳಿಂದ ತೆಗೆದ ಚಿನ್ನ ಇರುವುದು ಇಲ್ಲಿಯೇ. 1808ರಲ್ಲಿ ಬುಷ್ ಬ್ಯಾರೋ ಎಂಬ ಸಮಾಧಿದಿಬ್ಬವನ್ನು ಅಗೆಸಿದವನು ವಿಲಿಯಂ ಕನ್ನಿಂಗ್ಟನ್ ಎಂಬ ಉಣ್ಣೆ ವ್ಯಾಪಾರಿ. ಕುದುರೆ ಹತ್ತಿ ಹೊರಗೆ ತಿರುಗಾಡು, ಇಲ್ಲವಾದರೆ ಸಾಯುತ್ತೀಯೆ ಎಂದು ವೈದ್ಯರು ಹೇಳಿದ್ದರಿಂದ ಅವನು ಬಯಲು ಸುತ್ತಲು ತೊಡಗಿ, ದಿಬ್ಬಗಳ ಗೀಳು ಹತ್ತಿಸಿಕೊಂಡನಂತೆ. ಸುಮಾರು 4000 ವರ್ಷಗಳ ಹಿಂದಿನ ಆ ಗೋರಿಯಲ್ಲಿ, ಮಲಗಿದ್ದವನ ಎದೆಯ ಮೇಲೆ ವಜ್ರಾಕಾರದ ಚಿನ್ನದ ತಗಡು, ಪಕ್ಕದಲ್ಲಿ ಕಠಾರಿ. ಕಠಾರಿಯ ಮರದ ಹಿಡಿಯಲ್ಲಿ ಒಂದೊಂದಾಗಿ ಚುಚ್ಚಿ ಕೂರಿಸಿದ, ಕೂದಲೆಳೆಯಷ್ಟು ಸಣ್ಣ ಚಿನ್ನದ ಮೊಳೆಗಳು ಸುಮಾರು 1,40,000. ಅಗೆಯುತ್ತಿದ್ದ ಕೂಲಿಯಾಳು ಜಾನ್ ಪಾರ್ಕರ್‌ನ ಕರಣೆ ತಗುಲಿ, ಅವು ಏನೆಂದು ತಿಳಿಯುವ ಮೊದಲೇ ಅನೇಕವು ಮಣ್ಣಿನಲ್ಲಿ ಚೆದುರಿಹೋದವು.

ಭೂತಗನ್ನಡಿಯ ಮುಂದೆ ಅಪ್ಪ ಬಹಳ ಹೊತ್ತು ಬಗ್ಗಿ ನಿಂತಿದ್ದರು. ಇಷ್ಟು ಸೂಕ್ಷ್ಮವಾದ ಕೆಲಸ ಬೆಳೆದವರ ಕಣ್ಣಿಗೆ ಎಟುಕದು, ಮಕ್ಕಳೋ ಹದಿಹರೆಯದವರೋ ಮಾಡಿರಬೇಕು, ಮಾಡುತ್ತ ಮಾಡುತ್ತ ಅವರ ದೃಷ್ಟಿಯೂ ಕೆಟ್ಟಿರಬೇಕು ಎಂದು ಕಣ್ಣಿನ ತಜ್ಞರೊಬ್ಬರು ಊಹಿಸಿದ್ದಾರೆಂದು ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಅವರ ಹೆಸರೇನಾದರೂ ಸಿಕ್ಕಿದೆಯೇ ಎಂದು ಕೇಳಿದರು. 4000 ವರ್ಷ ಹಿಂದಿನ ಮಾತಿಗೆ ಇದೆಂಥ ಪ್ರಶ್ನೆ ಎಂದು ನನಗೆ ನಗು ಬಂತು. ಅರ್ಧ ತಾಸಿನ ನಂತರ ಸಂತೆಯಲ್ಲಿ ನಿಂತಾಗ ಆ ನಗು ಉಳಿಯಲಿಲ್ಲ, ಏಕೆಂದರೆ ಅಲ್ಲಿ ಕೆತ್ತಿದ್ದುದು ಒಬ್ಬಳದೇ ಹೆಸರು.

ಡಿವೈಜಿಸ್‌ನಲ್ಲಿ ಗುರುವಾರ ಸಂತೆ. 1753ರ ಜನವರಿ 25 ಕೂಡ ಗುರುವಾರವೇ. ಆ ದಿನ ಹತ್ತಿರದ ಪಾಟರ್ನ್ ಊರಿನ ರೂತ್ ಪಿಯರ್ಸ್ ಎಂಬವಳು ಬೇರೆ ಮೂವರು ಹೆಂಗಸರೊಡನೆ ಪಾಲು ಹಾಕಿ ಒಂದು ಚೀಲ ಗೋದಿ ಕೊಳ್ಳಲು ಒಪ್ಪಿದಳು. ಅವರಲ್ಲೊಬ್ಬಳು ಎಲ್ಲರ ಹಣ ಎತ್ತಿ ಎಣಿಸಿದಾಗ ಕಡಿಮೆ ಬಿತ್ತು, ಕೊರತೆಯನ್ನು ರೂತಳಿಂದ ಕೇಳಿದಳು. ನನ್ನ ಪಾಲು ಕೊಟ್ಟಾಗಿದೆ, ಕೊಟ್ಟಿಲ್ಲವಾದರೆ ಇಲ್ಲಿಯೇ ಬಿದ್ದು ಸಾಯಲಿ ಎಂದಳು ರೂತ್. ಅದೇ ಮಾತನ್ನು ಎರಡನೆಯ ಸಲ ಆಡಿದ ಕ್ಷಣಕ್ಕೆ, ನೆರೆದ ಜನರೆಲ್ಲ ನೋಡುತ್ತಿರುವಂತೆ, ಕುಸಿದು ಸತ್ತಳು. ಬಿಗಿಹಿಡಿದ ಮುಷ್ಟಿಯಲ್ಲಿ ಹಣವಿತ್ತು. ಇಷ್ಟನ್ನೂ ಸಂತೆಯ ನಡುವಿನ ಮಾರ್ಕೆಟ್ ಕ್ರಾಸ್ ಎಂಬ ಗೋಪುರದ ಮೇಲೆ ಕೆತ್ತಲಾಗಿದೆ. ದೇವರ ಹೆಸರೆತ್ತಿ ಸುಳ್ಳನ್ನು ಮುಚ್ಚಿಕೊಳ್ಳುವವರಿಗೆ ಇದು ಎಚ್ಚರಿಕೆಯಾಗಲಿ ಎಂದು, ಈ ಕಟ್ಟಡದ ಗಟ್ಟಿತನವನ್ನು ನಂಬಿ, ಊರಿನ ಮೇಯರ್ ಮತ್ತು ಪೌರಸಭೆಯವರು ಮುಂದಿನ ಕಾಲಕ್ಕೆ ಸಂಗತಿಯನ್ನು ದಾಟಿಸಿದ್ದಾರೆ.

ನಾನು ಓದಿ ಹೇಳುತ್ತಿದ್ದಂತೆ ಅಪ್ಪ ನಡುವೆಯೇ ತಡೆದು, ಚೀಲದ ತೂಕವೆಷ್ಟು ಎಂದು ಕೇಳಿದರು. ಸಾಮಾನ್ಯವಾಗಿ ನಾಲ್ಕು ಬುಶೆಲ್, ಅಂದರೆ ಕ್ವಿಂಟಾಲಿಗಿಂತ ಸ್ವಲ್ಪ ಹೆಚ್ಚು ಎಂದೆ. ಹಾಗಾದರೆ ಪಾಲು ಹಾಕಿದ್ದು ಸರಿ, ಬಡವರು ಒಬ್ಬೊಬ್ಬರೇ ಕೊಳ್ಳುವ ಮಾತಲ್ಲ ಎಂದು ಒಪ್ಪಿ, ಅಲ್ಲಿಂದ ಮುಂದೆ ಯಾವುದನ್ನೂ ಒಪ್ಪಲಿಲ್ಲ. ಹಣ ಎತ್ತಿದವಳು ತಾನೂ ಪಾಲುದಾರಳೇ ಆಗಿರುವಾಗ ಅವಳ ಹಣದ ಚೀಲವನ್ನು ಯಾರು ಎಣಿಸಿದರು? ಉಳಿದಿಬ್ಬರು ಪೂರ್ತಿ ಕೊಟ್ಟಿದ್ದರು ಎಂಬುದಕ್ಕೆ ಸಾಕ್ಷಿ ಯಾರು? ಸಂತೆಯಲ್ಲಿ ನಿಂತ ಹೆಂಗಸಿನ ಕೈಯಲ್ಲಿ ಹಣವಿರುವುದೇ ಕಳ್ಳತನದ ಗುರುತಾದರೆ, ಆ ದಿನ ಅಲ್ಲಿದ್ದವರೆಲ್ಲರೂ ಕಳ್ಳರೇ ಅಲ್ಲವೇ? ಅವರ ದೃಷ್ಟಿಯಲ್ಲಿ ಅತಿ ದೊಡ್ಡ ಅನ್ಯಾಯವೆಂದರೆ, ನಾಲ್ವರಲ್ಲಿ ಮೂವರ ಹೆಸರು ಕಲ್ಲಿನ ಮೇಲೆ ಇಲ್ಲದಿರುವುದು. ಒಬ್ಬರ ಖಾತೆಯನ್ನಷ್ಟೇ ತೋರಿಸಿ ಪಾಲುದಾರಿಕೆಯ ಲೆಕ್ಕ ಮುಗಿಸುವವನನ್ನು ತಾವಾಗಿದ್ದರೆ ಗಾದಿಯಿಂದ ಎಬ್ಬಿಸುತ್ತಿದ್ದೆ ಎಂದರು.

ನನಗೆ ಹಾಗನ್ನಿಸುವುದಿಲ್ಲ. ರೂತಳ ಕೈಯಲ್ಲಿದ್ದುದು ಕೊಡಬೇಕಾಗಿದ್ದ ಹಣವೇ ಇರಬೇಕು. ಮೊದಲ ಸಲ ಅವಳು ಇಟ್ಟ ಆಣೆ ಬಾಯಿಮಾತಿನದು, ನಮ್ಮಲ್ಲೂ ದಿನಕ್ಕೆ ಹತ್ತು ಸಲ ದೇವರಾಣೆ ಎನ್ನುತ್ತೇವೆ. ಆದರೆ ಸುತ್ತ ಜನ ಸೇರಿದ ಮೇಲೆ ಎರಡನೆಯ ಸಲ ಹೇಳಬೇಕಾಗಿ ಬಂದಾಗ, ಹಣ ಕೊಟ್ಟರೆ ಮಾನ ಹೋಗುತ್ತದೆ, ಕೊಡದಿದ್ದರೆ ಪ್ರಾಣ ಹೋಗುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಳು. ನಂಬದವಳು ಬದುಕಿ ಉಳಿಯುತ್ತಿದ್ದಳು. ಇದನ್ನು ಕೇಳಿದ ಅಪ್ಪ ತಮ್ಮ ಮಾರುಕಟ್ಟೆಯ ಮಾತು ತೆಗೆದರು. ಅಲ್ಲಿ ವ್ಯಾಜ್ಯ ಬಗೆಹರಿಯದಿದ್ದಾಗ ಹಿರಿಯರು ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿ ಬನ್ನಿ ಎನ್ನುತ್ತಿದ್ದರಂತೆ, ಬಸ್ಸು ಹತ್ತುವ ಮೊದಲೇ ಯಾರಾದರೊಬ್ಬರು ರಾಜಿಗೆ ಬರುತ್ತಿದ್ದರಂತೆ. ಅಷ್ಟು ದೂರ ಹೋಗಬೇಕಾದದ್ದರಿಂದಲೇ ಅದು ಕೆಲಸ ಮಾಡುತ್ತಿತ್ತು, ಯೋಚಿಸಲು ಒಂದು ರಾತ್ರಿ ಸಿಗುತ್ತಿತ್ತು, ಈ ಹೆಂಗಸಿಗೆ ಅದೂ ಸಿಗಲಿಲ್ಲ ಎಂದರು.

ನಮ್ಮ ದಾನಶಾಸನಗಳ ಕೊನೆಯಲ್ಲೂ ಶಾಪವಿರುತ್ತದೆ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಎಂದು. ಅದು ಮುಂದೆ ತಪ್ಪು ಮಾಡಬಹುದಾದ ಅರಸನಿಗೂ ಅಧಿಕಾರಿಗೂ ಹಾಕಿದ ಬೇಲಿ. ಇಲ್ಲಿಯದು ಆಗಲೇ ತಟ್ಟಿದ ಶಾಪ, ಅದೂ ಗೋದಿ ಕೊಳ್ಳಲು ಬಂದವಳಿಗೆ.

ಗೋಪುರದ ಇನ್ನೊಂದು ಮುಖದಲ್ಲಿರುವ ಬರಹವನ್ನು ಬೇಕೆಂದೇ ಕೊನೆಗೆ ಓದಿ ಹೇಳಿದೆ. 1814ರಲ್ಲಿ ಇದನ್ನು ಊರಿಗೆ ಕೊಟ್ಟವನು ಲಾರ್ಡ್ ಸಿಡ್ಮತ್. ಹೆನ್ರಿ ಆಡಿಂಗ್ಟನ್ ಎಂಬ ಹೆಸರಿನಲ್ಲಿ ಇದೇ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿಹೋಗಿ, 1801ರಿಂದ 1804ರವರೆಗೆ ಪ್ರಧಾನಿಯಾಗಿದ್ದವನು; ತನ್ನನ್ನು ಆರಿಸಿದ ಊರಿಗೆ ಕೃತಜ್ಞತೆಯ ಕಾಣಿಕೆ ಇದು. ಗೋಪುರ ಎದ್ದಾಗ ಅವನು ಗೃಹಮಂತ್ರಿ. ಮರುವರ್ಷ, 1815ರಲ್ಲಿ, ಅವನಿದ್ದ ಸರಕಾರವೇ ಧಾನ್ಯ ಕಾಯ್ದೆಯನ್ನು ತಂದಿತು: ದೇಶದೊಳಗಿನ ಗೋದಿಯ ಬೆಲೆ ಕ್ವಾರ್ಟರಿಗೆ, ಅಂದರೆ ಎಂಟು ಬುಶೆಲ್ಲಿಗೆ, 80 ಶಿಲಿಂಗ್ ಮುಟ್ಟುವವರೆಗೆ ಹೊರಗಿನ ಗೋದಿ ಮಾರುಕಟ್ಟೆಗೆ ಬರುವಂತಿಲ್ಲ. ಜಮೀನುದಾರರಿಗೆ ಬೆಲೆ ಕಾಯಿತು, ರೊಟ್ಟಿ ಕೊಳ್ಳುವವರು ಲಂಡನ್ನಿನಲ್ಲಿ ಬೀದಿಗಿಳಿದರು. ಕಾಯ್ದೆ ರದ್ದಾಗುವ ಹೊತ್ತಿಗೆ 1846. ಅಪ್ಪ ಇದನ್ನು ಕೇಳಿ ಕಲ್ಲಿನ ಎರಡೂ ಮುಖಗಳನ್ನು ಒಂದು ಸುತ್ತು ಹಾಕಿ ನೋಡಿ ಬಂದು, "ಚಿಲ್ಲರೆಯ ಲೆಕ್ಕ ಆ ಕಡೆ, ದೊಡ್ಡವರ ಖಾತೆ ಈ ಕಡೆ, ಎರಡನ್ನೂ ತಾಳೆ ನೋಡಿದವರಿಲ್ಲ" ಎಂದರು. ಎದುರಿಗೇ 1857ರ ಕಾರ್ನ್ ಎಕ್ಸ್‌ಚೇಂಜ್ ಇದೆ, ನೆತ್ತಿಯ ಮೇಲೆ ಧಾನ್ಯದೇವತೆ ಸೀರಿಸ್ ನಿಂತಿದ್ದಾಳೆ. ಅವಳಿಗೆ ಮಾತ್ರ ಅಪ್ಪ ಕೈಮುಗಿದರು.

ಕೇನ್ ಹಿಲ್‌ನ ಕಾಲುವೆಬಾಗಿಲುಗಳ ಕಡೆ ಹೋಗಲು ಆಗಲಿಲ್ಲ, ಬಿಸಿಲು ವಿಪರೀತವಾಗಿತ್ತು.

ಮನೆಗೆ ಬಂದಾಗ ಅಣ್ಣನ ಫೋನು. ಮೃಗಶಿರಾ ಹುಟ್ಟಿ ವಾರವಾದರೂ ಊರಲ್ಲಿ ಹನಿಯಿಲ್ಲ, ಗೋವಿನಜೋಳದ ಬೀಜ ತಂದಿಟ್ಟವರು ಆಕಾಶ ನೋಡುತ್ತಿದ್ದಾರೆ. ಅಪ್ಪನ ದನಿ ಬದಲಾಯಿತು, ಯಾರು ಯಾರಿಗೆ ಬೀಜದ ಸಾಲ ಕೊಟ್ಟಿದ್ದಾರೆ ಎಂದು ವಿಚಾರಿಸಿದರು, ಸಿಟ್ಟು ಅತ್ತ ತಿರುಗಿತು. ನನಗೆ ಮಾತ್ರ ಹಣ ಎತ್ತಿದ ಆ ಹೆಂಗಸೇ ಕಾಡುತ್ತಿದ್ದಾಳೆ. ಅವಳು ಮುಂದಿನ ಗುರುವಾರದ ಸಂತೆಗೆ ಬಂದಿದ್ದರೆ, ಉಳಿದಿಬ್ಬರು ಅವಳೊಂದಿಗೆ ಮತ್ತೆ ಪಾಲು ಹಾಕಲು ಒಪ್ಪಿದರೋ, ಅಥವಾ ಆ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಸೇರು ಗೋದಿಯನ್ನು ಹೆಚ್ಚು ಬೆಲೆ ಕೊಟ್ಟಾದರೂ ಬೇರೆ ಬೇರೆಯಾಗಿಯೇ ಕೊಂಡರೋ?