2.269ರ ಹತ್ತಿರ ಒಂದು ಭಾನುವಾರ

ನನ್ನ ಅಕ್ಕನ ಮಗನಿಗೆ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಿಧಾನವಾಗಿ ಓಡುವ ಪ್ರೋಗ್ರಾಂ ಕಂಡರೆ ಅವನಿಗೆ ಸುಮ್ಮನಿರಲು ಆಗುವುದಿಲ್ಲ. ಮಳೆಗಾಲದ ಒಂದು ಭಾನುವಾರ ಪುಣೆಯ ಕೊಥ್ರೂಡ್‌ನ ನಮ್ಮ ಮನೆಗೆ ಊಟಕ್ಕೆ ಬಂದವನು, ನನ್ನ ಲ್ಯಾಪ್‌ಟಾಪ್ ನೋಡಿ ಕೇಳಿದ:

"ಮಾಮಾ, ಇದ್ಯಾಕ ಇಷ್ಟು ಸಾವಕಾಶ ನಡದದ?"

ಅದು ಐಸಿಂಗ್ ಮಾದರಿ. ನಮ್ಮ ಕಾಲೇಜಿನ ಎಂಎಸ್ಸಿ ಹುಡುಗರಿಗೆ ತೋರಿಸಲು ಓಡಿಸುತ್ತಿದ್ದೆ. ಚೌಕುಳಿ ಹಾಳೆಯ ಒಂದೊಂದು ಮನೆಯಲ್ಲೂ ಒಂದು ಸ್ಪಿನ್, ಅಂದರೆ ಪುಟ್ಟ ಅಯಸ್ಕಾಂತ. ಅದರ ಬೆಲೆ +1 ಇಲ್ಲವೇ -1. ಅಕ್ಕಪಕ್ಕದ ನಾಲ್ಕು ಸ್ಪಿನ್‌ಗಳ ಹಾಗೆಯೇ ಇದ್ದರೆ ಶಕ್ತಿ ಕಡಿಮೆ. ಶಾಖ ಜಾಸ್ತಿಯಾದಷ್ಟೂ ತನ್ನಿಷ್ಟದಂತೆ ತಿರುಗುತ್ತದೆ. ಅಯಸ್ಕಾಂತವನ್ನು ಇದಕ್ಕಿಂತ ಸರಳ ಮಾಡಲು ಆಗುವುದಿಲ್ಲ. ಭೌತವಿಜ್ಞಾನಿ ಲೆನ್ಜ್ ಈ ಮಾದರಿಯನ್ನು ಮುಂದಿಟ್ಟದ್ದು 1920ರಲ್ಲಿ. ಅವರ ವಿದ್ಯಾರ್ಥಿ ಐಸಿಂಗ್ 1925ರಲ್ಲಿ, ಸ್ಪಿನ್‌ಗಳು ಒಂದೇ ಸಾಲಿನಲ್ಲಿದ್ದರೆ ಅಯಸ್ಕಾಂತ ಆಗುವುದೇ ಇಲ್ಲ ಎಂದು ತೋರಿಸಿದರು. ಹಾಳೆಯಲ್ಲಿ ಹರಡಿದರೆ ಆಗುತ್ತದೆ. ಅದರ ಪೂರ್ತಿ ಲೆಕ್ಕವನ್ನು 1944ರಲ್ಲಿ ಆನ್ಸಾಗರ್ ಬಿಡಿಸಿದರು. ಮಾದರಿಯದೇ ಅಳತೆಯಲ್ಲಿ ಹೇಳಿದರೆ, ತಾಪಮಾನ 2.269ಕ್ಕಿಂತ ಕೆಳಗಿದ್ದರೆ ಅಯಸ್ಕಾಂತ, ಮೇಲಿದ್ದರೆ ಅಲ್ಲ.

ನಾನು ಓಡಿಸುತ್ತಿದ್ದದ್ದು ಸರಿಯಾಗಿ 2.269ರಲ್ಲೇ.

ಹುಡುಗ ಊಟ ಬಿಟ್ಟು ಕೋಡ್ ಹಿಡಿದು ಕೂತ. ನಾನು ಬರೆದದ್ದು 1953ರ ಮೆಟ್ರೊಪೊಲಿಸ್ ವಿಧಾನ. ಒಂದು ಸ್ಪಿನ್ ಆರಿಸು. ತಿರುಗಿಸಿದರೆ ಶಕ್ತಿ ಎಷ್ಟು ಬದಲಾಗುತ್ತೆ ನೋಡು. ಕಡಿಮೆಯಾದರೆ ತಿರುಗಿಸು, ಜಾಸ್ತಿಯಾದರೆ ದಾಳ ಹಾಕು. ಮತ್ತೆ ಇನ್ನೊಂದು ಸ್ಪಿನ್. ದಾಳದ ಸಂಭವಕ್ಕೆ ಬೇಕಾದ ಘಾತಾಂಕದ ಲೆಕ್ಕವನ್ನೆಲ್ಲ ಅವನು ಮೊದಲೇ ಪಟ್ಟಿ ಮಾಡಿಟ್ಟ. ಚದುರಂಗದ ಹಾಸಿನ ಹಾಗೆ ಕಪ್ಪು ಮನೆಗಳನ್ನು ಒಮ್ಮೆ, ಬಿಳಿ ಮನೆಗಳನ್ನು ಒಮ್ಮೆ ತಿರುಗಿಸಿ, ಪ್ರೊಸೆಸರ್‌ನ ಎಲ್ಲ ಕೋರ್‌ಗಳಿಗೂ ಕೆಲಸ ಹಂಚಿದ. ಪ್ರೋಗ್ರಾಂ ನಿಜಕ್ಕೂ ಓಟ ಕಿತ್ತಿತು. ತಾಪಮಾನ 3ಕ್ಕೆ ಇಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಸ್ಪಿನ್‌ಗಳ ಸರಾಸರಿ ಸೊನ್ನೆಯ ಹತ್ತಿರ ಬಂದು ನಿಂತಿತು. 1.5ಕ್ಕೆ ಇಟ್ಟರೆ ಹೆಚ್ಚುಕಡಿಮೆ ಪರದೆಯೆಲ್ಲ ಒಂದೇ ಬಣ್ಣ. ಮತ್ತೆ 2.269ಕ್ಕೆ ಇಟ್ಟ. ಸರಾಸರಿ 0.6ರ ಆಸುಪಾಸಿನಲ್ಲಿ ಬಹಳ ಹೊತ್ತು ಓಲಾಡಿತು. ಮೆಲ್ಲಗೆ ಜಾರಿತು. ಸೊನ್ನೆ ದಾಟಿ ಕೆಳಗೆ ಹೋಯಿತು. ಅಲ್ಲೇ ಕೂತಿತು.

"ಇಲ್ಲೇನೋ ಬಗ್ ಅದ ಮಾಮಾ."

"ಬಗ್ ಇಲ್ಲಪಾ. ಅದರ ಸ್ವಭಾವಾನೇ ಅದು."

ಪರದೆ ನೋಡು ಎಂದೆ. ಆ ತಾಪಮಾನದಲ್ಲಿ ಅದು ನಿಜಕ್ಕೂ ನೋಡಬೇಕಾದ ಚಿತ್ರ. ಕಪ್ಪಿನ ನಡುವೆ ಬಿಳಿ ದ್ವೀಪ, ಆ ದ್ವೀಪದೊಳಗೆ ಕಪ್ಪು ಕೆರೆ, ಕೆರೆಯೊಳಗೆ ಮತ್ತೆ ಬಿಳಿ ಚುಕ್ಕಿ. ಅಂಚುಗಳು ಮಾತ್ರ ಸದಾ ಕುದಿಯುತ್ತಿರುತ್ತವೆ. ದೊಡ್ಡ ದ್ವೀಪಗಳು ಮಿಸುಕುವುದಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಆಗ ರೀಡೆವಲಪ್‌ಮೆಂಟ್, ಅಂದರೆ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಗಲಾಟೆ ನಡೆಯುತ್ತಿತ್ತು. ಕೊಥ್ರೂಡ್‌ನಲ್ಲಿ ಇದು ಯಾವ ಸೊಸೈಟಿಗೂ ತಪ್ಪಿದ್ದಲ್ಲ ಬಿಡಿ. ಅದನ್ನೇ ಹಿಡಿದು ಹೇಳಿದೆ. ಎಲ್ಲರೂ ಒಪ್ಪಿದ್ದರೆ ಮೀಟಿಂಗ್ ಬೇಗ ಮುಗಿಯುತ್ತೆ. ಒಬ್ಬೊಬ್ಬರದು ಒಂದೊಂದು ಮಾತಾದರೂ ಬೇಗ ಮುಗಿಯುತ್ತೆ, ಎದ್ದು ಹೋಗುತ್ತಾರೆ. ಗುಂಪುಗಳಾದಾಗಲೇ ಕಷ್ಟ. ಎರಡು ಮನೆಯ ಗುಂಪು, ಒಂದು ಮಹಡಿಯ ಗುಂಪು, ಇಡೀ ಬಿ ವಿಂಗ್‌ನ ಗುಂಪು, ಎಲ್ಲ ಒಟ್ಟಿಗೆ ಇರುತ್ತವೆ. ಒಬ್ಬೊಬ್ಬರ ಮನೆಗೇ ಹೋಗಿ ಮನವೊಲಿಸಿದರೆ ಇಡೀ ವಿಂಗ್ ಯಾವಾಗ ತಿರುಗಬೇಕು? ಇವತ್ತು ಹೂಂ ಅಂದವರನ್ನು ಪಕ್ಕದ ಮನೆಯವರು ನಾಳೆ ಉಹೂಂ ಅನ್ನಿಸುತ್ತಾರೆ.

ಲೆಕ್ಕದಲ್ಲೂ ಹಾಗೇ. ಹಾಳೆಯ ಅಗಲ 64ರಿಂದ 128 ಮಾಡಿದರೆ ಸ್ಪಿನ್‌ಗಳು ನಾಲ್ಕು ಪಟ್ಟಾಗುತ್ತವೆ. ಅದರ ಮೇಲೆ, ಹಳೆಯ ಚಿತ್ರವನ್ನು ಮರೆಯಲು ಇಡೀ ಹಾಳೆಯನ್ನು ಸುಮಾರು ನಾಲ್ಕೂವರೆ ಪಟ್ಟು ಜಾಸ್ತಿ ಸಲ ಸುತ್ತಬೇಕು. ಒಟ್ಟು 18 ಪಟ್ಟು ಕೆಲಸ. ನಿಜವಾದ ವಸ್ತುವೂ ಆ ತಾಪಮಾನದ ಹತ್ತಿರ ಹೀಗೆಯೇ ತಡವರಿಸುತ್ತದೆ. ಕೋರ್ ಎಷ್ಟು ಸೇರಿಸಿದರೂ ಹಾಳೆ ಸ್ವಲ್ಪ ದೊಡ್ಡದಾದರೆ ಮತ್ತೆ ಅಲ್ಲಿಗೇ ಬಂತು. ಅವನ ಮುಖ ಸಣ್ಣಗಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿಂದ ಮೂರನೇ ಸಲ ಕರೆದಳು. ಎದ್ದು ಊಟ ಮಾಡಿದೆವು.

ಊಟವಾದ ಮೇಲೆ ವುಲ್ಫ್ ವಿಧಾನ ಹೇಳಿದೆ. 1989ರದ್ದು. ಎಲ್ಲಾದರೂ ಒಂದು ಸ್ಪಿನ್‌ನಿಂದ ಶುರು ಮಾಡು. ಅದೇ ದಿಕ್ಕಿನ ನೆರೆಯ ಸ್ಪಿನ್‌ಗಳನ್ನು ಗುಂಪಿಗೆ ಸೇರಿಸುತ್ತಾ ಹೋಗು. ಆದರೆ ಎಲ್ಲವನ್ನೂ ಅಲ್ಲ, ಪ್ರತಿ ಸಲ ದಾಳ ಹಾಕಿ ಸೇರಿಸು. 2.269ರಲ್ಲಿ ಆ ಸಂಭವ 0.586. ಗುಂಪು ಬೆಳೆಯುವುದು ನಿಂತ ಮೇಲೆ ಇಡಿಯಾಗಿ ತಿರುಗಿಸಿಬಿಡು. ಆ ಒಂದು ಸಂಖ್ಯೆ ಸರಿಯಾಗಿದ್ದರೆ, ತಿರುಗಿಸಲೋ ಬೇಡವೋ ಎಂದು ಮತ್ತೆ ಕೇಳುವ ಅಗತ್ಯವೇ ಇಲ್ಲ. ಈ ಜಾಣತನ ಇವತ್ತಿಗೂ ನನಗೆ ಖುಷಿ ಕೊಡುತ್ತದೆ. ಇದರ ಮುಂದೆ ಪಟ್ಟಿ, ಕೋರ್ ಎಲ್ಲ ಸಪ್ಪೆ.

ಕೋಡ್ ಒಂದು ಪುಟವೂ ಆಗಲಿಲ್ಲ. ಓಡಿಸಿದಾಗ ದೊಡ್ಡ ದ್ವೀಪಗಳೇ ಪಟಪಟನೆ ಬಣ್ಣ ಬದಲಿಸತೊಡಗಿದವು. "ಇಷ್ಟೇನಾ?" ಅಂದ. ಸ್ವಲ್ಪ ಸಿಟ್ಟೂ ಇತ್ತು ದನಿಯಲ್ಲಿ.

ದಾಳಕ್ಕೆ ಅವನು ಭಾಷೆಯ ಜೊತೆ ಬರುವ ಮಾಮೂಲಿ ಯಾದೃಚ್ಛಿಕ ಸಂಖ್ಯೆಯನ್ನೇ ಬಳಸಿದ್ದ. ಅದು ಬೇಡ ಎಂದೆ. 1992ರಲ್ಲಿ ಫೆರೆನ್‌ಬರ್ಗ್, ಲ್ಯಾಂಡೌ, ವಾಂಗ್ ಮೂವರೂ ಸೇರಿ ಇದೇ ವುಲ್ಫ್ ವಿಧಾನ ಓಡಿಸಿದಾಗ, ಒಳ್ಳೆಯದೆಂದು ಹೆಸರಾಗಿದ್ದ ಸಂಖ್ಯೆ ಹುಟ್ಟಿಸುವ ವಿಧಾನವೇ ತಪ್ಪು ಉತ್ತರ ಕೊಟ್ಟಿತ್ತು. ಅದು ಗೊತ್ತಾದದ್ದು ಕಾಗದದ ಮೇಲಿನ ನಿಖರ ಉತ್ತರ ಮೊದಲೇ ಇದ್ದದ್ದರಿಂದ. ಹಾಳೆ ತುಂಬ ದೊಡ್ಡದಿದ್ದರೆ ಪ್ರತಿ ಸ್ಪಿನ್‌ಗೆ ಶಕ್ತಿ -1.414 ಬರಬೇಕು. ನಮ್ಮದು ಹತ್ತಿರ ಬಂತು.

ಸಂಜೆ ಚಹಾ ಹೊತ್ತಿಗೆ ಅವನೇ ತಂಟೆ ಶುರು ಮಾಡಿದ. ನೆರೆಯವರು ಎಲ್ಲ ಕಡೆ ಗೆಳೆಯರೇ ಯಾಕೆ ಆಗಬೇಕು, ಕೆಲವು ಜೋಡಿ ವೈರಿಗಳಾದರೆ? ಅದನ್ನೇ 1975ರಲ್ಲಿ ಎಡ್ವರ್ಡ್ಸ್ ಮತ್ತು ಆಂಡರ್ಸನ್ ಕೇಳಿದ್ದರು. ಅದಕ್ಕೆ ಸ್ಪಿನ್ ಗ್ಲಾಸ್ ಅನ್ನುತ್ತಾರೆ. ಸೆಕ್ರೆಟರಿ ಇಬ್ಬರಿಗೂ ಗೆಳೆಯ, ಆ ಇಬ್ಬರು ಮಾತ್ರ ಪರಸ್ಪರ ವೈರಿಗಳು. ಮೂವರೂ ಒಪ್ಪುವ ಓಟು ಯಾವುದು? ಇಲ್ಲ. ಇಂಥದ್ದು ಸಾವಿರ ಕಡೆ ಇದ್ದರೆ, ಸರಿಸುಮಾರು ಅಷ್ಟೇ ಒಳ್ಳೆಯ ಹೊಂದಾಣಿಕೆಗಳು ಲೆಕ್ಕವಿಲ್ಲದಷ್ಟು. ಒಂದರಿಂದ ಇನ್ನೊಂದಕ್ಕೆ ಹೋಗಲು ಸುಲಭದ ದಾರಿ ಮಾತ್ರ ಇಲ್ಲ. ಈ ಗೋಜಲಿನ ಒಂದು ಬಗೆಯನ್ನು ಬಿಡಿಸಿದ ಪಾರಿಸಿಗೆ 2021ರಲ್ಲಿ ನೊಬೆಲ್ ಬಂತು. ನೆನಪಿಟ್ಟುಕೊಳ್ಳುವ ಯಂತ್ರಕ್ಕೆ ಇದೇ ಬಗೆಯ ಮಾದರಿ ಬಳಸಿದ ಹಾಪ್‌ಫೀಲ್ಡ್‌ಗೆ 2024ರಲ್ಲಿ. ಅದು ಎಐಗೆ ಸೇರಿದ ಕೆಲಸ ಅಂದದ್ದೇ ಹುಡುಗ ನೆಟ್ಟಗಾದ. ಅದೇ ಹಾಪ್‌ಫೀಲ್ಡ್ ಜೊತೆ 2022ರ ಬೋಲ್ಟ್ಸ್‌ಮನ್ ಪದಕ ಹಂಚಿಕೊಂಡ ಭೌತವಿಜ್ಞಾನಿ ದೀಪಕ್ ಧರ್ ಆಗ ಇಲ್ಲೇ ಪಾಷಾಣ್‌ನ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿದ್ದರು ಅಂದೆ. ನಂಬದೆ ಫೋನಿನಲ್ಲಿ ಹುಡುಕಿ ನೋಡಿದ.

ಹಾಳೆಯಲ್ಲಿ ಗ್ಲಾಸ್ ಆಗುವುದು ಸೊನ್ನೆ ತಾಪಮಾನದಲ್ಲಷ್ಟೇ. ಹಾಗಾಗಿ ಘನಾಕೃತಿಗೆ ಹೋದೆವು. ಅಲ್ಲಿ ಸುಮಾರು 1.1ರಲ್ಲಿ ಆಗುತ್ತದೆ. ವುಲ್ಫ್ ಅಲ್ಲಿ ಕೈಕೊಟ್ಟಿತು. ಗುಂಪು ಬೆಳೆದು ಹೆಚ್ಚುಕಡಿಮೆ ಎಲ್ಲವನ್ನೂ ನುಂಗುತ್ತದೆ, ಎಲ್ಲ ಒಟ್ಟಿಗೆ ತಿರುಗಿದರೆ ಏನೂ ಬದಲಾದಂತೆ ಅಲ್ಲ ಅಲ್ವಾ? ಕೊನೆಗೆ ಬೇರೆ ಬೇರೆ ತಾಪಮಾನದಲ್ಲಿ ಅದೇ ಘನದ ನಕಲುಗಳನ್ನು ಓಡಿಸಿ, ಆಗಾಗ ತಾಪಮಾನ ಅದಲುಬದಲು ಮಾಡುವ ವಿಧಾನ ಹಾಕಿದೆವು. ಬಿಸಿಯಲ್ಲಿ ಓಡಾಡಿ ಬಂದ ನಕಲು ತಂಪಿನಲ್ಲಿ ಬೇರೆ ಕಡೆ ಇಳಿಯುತ್ತದೆ. ಆದರೆ ಗೆಳೆಯ-ವೈರಿ ಹಂಚಿಕೆ ಒಂದು ಸಲ ಬದಲಾದರೆ ಎಲ್ಲ ಮೊದಲಿಂದ. ಅಂಥ ನೂರಾರು ಹಂಚಿಕೆಗಳ ಸರಾಸರಿ ಬೇಕು.

ರಾತ್ರಿ ಹೊರಡುವಾಗ ಗಾತ್ರದ ಮೇಲೆ ಜಗಳ. ಗುರುವಾರ ನಮ್ಮಲ್ಲಿ ರಿಪೇರಿಗೆಂದು ಕರೆಂಟ್ ತೆಗೆಯುತ್ತಾರೆ, ಅಷ್ಟರೊಳಗೆ ಮುಗಿಯಬೇಕು, ಬದಿಗೆ 8 ಸಾಕು, 512 ಸ್ಪಿನ್ ಅಂದೆ. ಅವನಿಗೆ 12 ಬೇಕು.

"ನಡುನಡುವ ಫೈಲ್‌ಗೆ ಬರದಿಟ್ಟರ ಆತಲ್ಲ ಮಾಮಾ. ಕರೆಂಟ್ ಬಂದ ಮ್ಯಾಲ ಅಲ್ಲಿಂದನ ಶುರು ಮಾಡಿದರಾತು."

12ಕ್ಕೇ ಹಾಕಿ ಹೋದ.